ಜೀಪಿನಿಂದ ಇಳಿದ ಶಾಸಕರು

ಗೆಂಡೆಹಳ್ಳಿಯ ಹನುಮಮ್ಮ ಸೊಪ್ಪು ಮಾರಿ ಬದುಕಿದವಳು. ಯಾರು ಏನು ಹೇಳಿದರೂ ನಂಬುತ್ತಿದ್ದಳು. ಶಾಸಕರನ್ನೂ ನಂಬಿದಳು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಕಚೇರಿ, ಆಸ್ಪತ್ರೆಗಳಿಗೆ ಬೀಗ ಬಿತ್ತು, ಬಸ್ಸೂ ನಿಂತಿತು. ನಮ್ಮ ಶಾಸಕರು ಮಾತ್ರ ಮೈಕು ಕಟ್ಟಿದ ಜೀಪಿನಲ್ಲಿ ಊರೂರು ಸುತ್ತಿದರು: "ನಿಮ್ಮ ಸೇವೆಗೆ, ನಿಮ್ಮ ಮನೆ ಬಾಗಿಲಿಗೆ!" ಯಾವ ಬಾಗಿಲಿನ ಮುಂದೂ ಜೀಪು ನಿಲ್ಲುತ್ತಿರಲಿಲ್ಲ, ಅಷ್ಟೇ.

ಅಂದು ಹನುಮಮ್ಮನ ಸೊಸೆ ಯಶೋಧರಾಗೆ ಬೆಳಗಿನಿಂದ ಹೆರಿಗೆ ನೋವು, ಮಗು ಬರುವ ಸೂಚನೆಯೇ ಇಲ್ಲ. ಹನುಮಮ್ಮ ಜೀಪಿಗೆ ಅಡ್ಡ ನಿಂತಳು.

"ಬಂದ್ರಾ ಸ್ವಾಮಿ? ನಿಮ್ಗೇ ಕಾಯ್ತಿದ್ದೆ. ಸೊಸೇನ ಹಾಸನಕ್ಕೆ ಕರ್ಕೊಂಡೋಗ್ಬೇಕು."

"ನೋಡೋಣಮ್ಮ, ಮುಷ್ಕರ ಮುಗೀಲಿ," ಎಂದರು ಶಾಸಕರು.

"ಮಗೀಗೆ ಮುಷ್ಕರ ಗೊತ್ತಿಲ್ವಲ್ಲ ಸ್ವಾಮಿ. ಅವ್ಳನ್ನ ಮಲಗ್ಸೋಕೆ ಜಾಗ ಬೇಕು, ಒಸಿ ಇಳೀರಿ."

ಊರೇ ನೆರೆದಿತ್ತು, ಮೈಕೂ ಆರಿರಲಿಲ್ಲ. ಶಾಸಕರು ಇಳಿದರು, ಹಿಂಬಾಲಕರೂ ಇಳಿದರು. ಜೀಪು ಸೊಸೆಯನ್ನು ಹೊತ್ತು ಹಾಸನಕ್ಕೆ ಹೋಯಿತು; ಇವರು ಬೇಲೂರಿನವರೆಗೆ ಬಿಸಿಲಲ್ಲಿ ನಡೆದರು.

ಚನ್ನಕೇಶವನ ದಯೆ, ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ತಾಯಿ, ಮಗು ಇಬ್ಬರೂ ಉಳಿದರು. ಮರುವಾರ ಅದೇ ಮೈಕು ಕೂಗುತ್ತ ಬಂತು: "ಬಡವರಿಗಾಗಿ ಶಾಸಕರ ಪಾದಯಾತ್ರೆ!"

ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹನುಮಮ್ಮ ಅದನ್ನೂ ನಂಬಿದಳು.

"ಪಾಪ, ನಡೆದಿದ್ದಂತೂ ಸುಳ್ಳಲ್ಲ ಕಣೇ," ಎಂದಳು, ಪಕ್ಕದಲ್ಲಿ ಕೂತಿದ್ದ ನನಗೆ.