ಕಾಯಿ ಸುಲಿಯುವವನ ಬಿಳೀ ಮಾತ್ರೆ

ಮೊನ್ನೆ ಪಕ್ಕದ ಮನೆಯವರು ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಮಾಡಿಸುತ್ತಿದ್ದರು. ಕರಟ ಒಡೆದಾಗ ಬರುವ ಜಿಡ್ಡು ವಾಸನೆ ಕಿಟಕಿಯಿಂದ ಒಳಗೆ ಬಂತು. ಮನೆಯವರಿಗೆಲ್ಲ ಬಾಯಲ್ಲಿ ನೀರೂರಿತು. ನಾನು ಮಾತ್ರ ಎದ್ದು ಕಿಟಕಿ ಹಾಕಿಕೊಂಡೆ.

ಆಗ ನಾನು ಅರಸೀಕೆರೆ ಕಡೆಯ ಗಂಡಸಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಹೊಸತು. ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ತೋಟದ ಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಒಣಗಿಸುತ್ತಿದ್ದೆವು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗುಡುಗುಡು ಅಂದಾಗ ಸುಲಿಯುವವನನ್ನು ಕರೆಸುವುದು. ಅವನು ಅಂಗಳದಲ್ಲಿ ಚೂಪು ಹಾರೆ ನೆಟ್ಟು, ಕಾಯಿಯನ್ನು ಅದಕ್ಕೆ ಕುಟ್ಟಿ ತಿರುಚಿದರೆ ಸಿಪ್ಪೆ ಕಳಚಿ ಬೀಳುತ್ತಿತ್ತು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಏನ್ ಚಿಕ್ಕವ್ವಾ, ನಿಮ್ಮತ್ತೆ ಮುದ್ದೆ ಹಾಕ್ತಾರೋ, ಬರೀ ಬೈಗುಳಾನೋ?" ಅನ್ನುತ್ತಿದ್ದ, ಅತ್ತೆಗೆ ಕೇಳಲಿ ಅಂತಲೇ ಜೋರಾಗಿ.

"ನಿಂಗೆ ಎರಡೂ ಐತೆ, ಮೊದ್ಲು ಕೆಲ್ಸ ಮುಗ್ಸು," ಅನ್ನುತ್ತಿದ್ದರು ಅತ್ತೆ.

ಒಂದು ವರ್ಷ ಬಂದಾಗ ಅವನೇ ಬೇರೆ ಮನುಷ್ಯನಾಗಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣು ಮಿಟುಕಿಸುತ್ತಲೇ ಇರಲಿಲ್ಲ. ಕಟಕಟ ಹಲ್ಲು ಕಡಿಯುತ್ತಿದ್ದ. ಚರ್ಮದೊಳಗೆ ಇರುವೆ ಹರಿಯುತ್ತವೆ ಅಂತ ತೋಳು ಕೆರೆದು ಹುಣ್ಣು ಮಾಡಿಕೊಂಡಿದ್ದ. ಹಾಕಿದ ಮುದ್ದೆ ಹಾಗೇ ಆರಿತು...

ಸಿಪ್ಪೆ ಬಾಚುತ್ತಿದ್ದ ಅವನ ಹೆಂಡತಿ ನನ್ನ ಹತ್ತಿರ ಸರಿದು ಹೇಳಿದಳು. "ಲಾರಿಯೋರು ಕೊಡೋ ಬಿಳೀ ಮಾತ್ರೆ ನುಂಗ್ತಾನೆ ಕಣವ್ವಾ. ಕದ್ದು ಮಾರೋದಂತೆ. ನುಂಗಿದ್ರೆ ನಿದ್ದೆ ಇಲ್ಲ, ಹಸಿವಿಲ್ಲ, ಎತ್ತಿನಂಗೆ ದುಡೀತಾನೆ. ಆಮ್ಯಾಕೆ ಅನ್ನಕ್ಕೆ ವಿಷ ಹಾಕಿದೀಯ ಅಂತ ನನ್ನ ಮ್ಯಾಲೇ ಬತ್ತಾನೆ."

ಅತ್ತೆ ಒಪ್ಪಲಿಲ್ಲ. "ಮಾತ್ರೆ ತಿಂದ್ರೆ ಕಾಯ್ಲೆ ಹೋಯ್ತದೆ ಕಣೇ, ಬತ್ತದಾ? ಇವನಿಗೆ ಉಷ್ಣ ಏರೈತೆ, ಅಷ್ಟೆ."

ಮಧ್ಯಾಹ್ನ ನಾನೊಬ್ಬಳೇ ಅಟ್ಟದ ಮೇಲೆ ಕುಳಿತು, ಒಂದೊಂದೇ ಕಾಯಿ ಅಲ್ಲಾಡಿಸಿ, ಒಣಗಿದ್ದನ್ನು ಕೆಳಗೆ ಉರುಳಿಸುತ್ತಿದ್ದೆ. ಅಂಗಳದಲ್ಲಿ ಹಾರೆಯ ಸದ್ದು ನಿಂತಿತು. ಏಣಿ ಕಿರುಗುಟ್ಟಿತು. ಮೊದಲು ಕರಟ ಒಡೆಯುವ ಮಚ್ಚು ಕಂಡಿತು, ಆಮೇಲೆ ಅವನ ಮುಖ. ಬೆವರು ತೊಟ್ಟಿಕ್ಕುತ್ತಿತ್ತು.

"ಯಾವನ್ಲಾ ಒಳಗಿರೋನು? ನನ್ನ ನೋಡಿ ನಗ್ತೀಯಾ?"

ನನ್ನ ಕೈಯ ಕಾಯಿ ಗುಡುಗುಡು ಅಂದದ್ದು ಅವನಿಗೆ ಯಾರೋ ನಕ್ಕ ಹಾಗೆ ಕೇಳಿಸಿತ್ತು. "ನಾನು ಕಣೋ... ಚಿಕ್ಕವ್ವ" ಅಂದೆ. ನನ್ನನ್ನೇ ನೋಡಿದ. ಗುರುತು ಹತ್ತಲಿಲ್ಲ. ಮಚ್ಚು ಎತ್ತಿದ. ಅಷ್ಟರಲ್ಲಿ ಕೆಳಗಿನಿಂದ ಹೆಂಡತಿ ಅವನ ಕಾಲು ತಬ್ಬಿ ಎಳೆದಳು. ಇಬ್ಬರೂ ಉರುಳಿದರು, ಮಚ್ಚು ದೂರ ಬಿತ್ತು. ಅವನು ಮತ್ತೆ ಏಳಲಿಲ್ಲ, ಗೋಡೆಗೊರಗಿ ನಡುಗುತ್ತ ಕುಳಿತ.

ನಾನು ಇಳಿದು ಬಂದೆ. ಅವನ ಮೈ ಕಾದ ಹೆಂಚಿನಂತಿತ್ತು. ಎದೆ ಬಡಿಯುವುದು ಅಂಗಿಯ ಮೇಲೇ ಕಾಣುತ್ತಿತ್ತು. ಉಷ್ಣ ಏರಿದರೆ ನಮ್ಮ ಕಡೆ ನೆತ್ತಿಗೆ ಹರಳೆಣ್ಣೆ ತಟ್ಟಿ, ಹಂಡೆಯ ಸುಡುನೀರು ಹುಯ್ದು, ಕಂಬಳಿ ಹೊದಿಸಿ ಬೆವರಿಸುವುದು. ಹೆತ್ತ ಮಕ್ಕಳಿಗೂ ಅತ್ತೆ ಅದನ್ನೇ ಮಾಡುತ್ತಿದ್ದವರು. ಇವನಿಗೂ ಮಾಡಿಸಿದರು.

"ಬ್ಯಾಡಿ ದೊಡ್ಡವ್ವಾ, ಉರಿ... ತಣ್ಣೀರು ಕೊಡಿ..." ಅಂತ ಬೇಡಿದ.

"ಸುಮ್ಕಿರೋ, ಈಗ ಇಳೀತದೆ," ಅಂದರು ಅತ್ತೆ.

ಕಂಬಳಿಯೊಳಗೆ ಕೈಕಾಲು ಸೆಟೆದು ಒದ್ದಾಡಿದ. ಸ್ವಲ್ಪ ಹೊತ್ತಿಗೆ ಒದ್ದಾಟ ನಿಂತಿತು. ನಿದ್ದೆ ಹತ್ತಿತು ಅಂದುಕೊಂಡು ಅತ್ತೆ ಅವನಿಗೆ ಕಾಫಿ ಕಾಸಲು ಎದ್ದರು. ಹೆಂಡತಿ ಕಂಬಳಿ ಸರಿಸಿ ನೋಡಿದಳು. ಅವಳು ಕಿರುಚಿದ್ದು... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಅರಸೀಕೆರೆಯ ಡಾಕ್ಟರು ಆಮೇಲೆ ಹೇಳಿದರು. ಆ ಮಾತ್ರೆ ಎದೆಯನ್ನು ಓಡಿಸಿ ಓಡಿಸಿ ಮೈಯನ್ನು ಒಳಗಿನಿಂದಲೇ ಕಾಯಿಸುತ್ತದಂತೆ. ಅಂಥವನಿಗೆ ತಣ್ಣೀರು ಬಟ್ಟೆ ಸುತ್ತಿ ಆಸ್ಪತ್ರೆಗೆ ಓಡಬೇಕಂತೆ. ಅತ್ತೆ ಬದುಕಿರುವವರೆಗೂ ಇನ್ನೊಬ್ಬರ ನೆತ್ತಿಗೆ ಎಣ್ಣೆ ಮುಟ್ಟಿಸಲಿಲ್ಲ. ಅಟ್ಟಕ್ಕೆ ಒಬ್ಬಳೇ ಹತ್ತುವುದನ್ನು ನಾನೂ ಬಿಟ್ಟೆ.

ಈಗ ಅಂಥವೇ ಮಾತ್ರೆ ಬೇರೆ ಬೇರೆ ಹೆಸರಲ್ಲಿ ಓದುವ ಮಕ್ಕಳ ಕೈಗೂ ಸಿಗುತ್ತವೆ ಅಂತ ಟಿ.ವಿ.ಯಲ್ಲಿ ತೋರಿಸುತ್ತಾರೆ. ನೋಡಲು ಧೈರ್ಯ ಸಾಲದು, ಆರಿಸಿಬಿಡುತ್ತೇನೆ. ಅವನು ಅವತ್ತು ಉಳಿದಿದ್ದರೂ ಇಷ್ಟು ಹೊತ್ತಿಗೆ ಹೋಗಿರುತ್ತಿದ್ದ, ನನಗೇ ಇಷ್ಟು ವಯಸ್ಸಾಯಿತಲ್ಲ. ಆದರೆ ಹಲ್ಲೆಲ್ಲ ಉದುರಿ, ಮುದುಕನಾಗಿ ಸಾಯಬೇಕಿತ್ತು.