ಜ್ವರದಲ್ಲಿದ್ದ ಶುಕ್ರನಿಗೆ ಸೊಪ್ಪು ಹಾಕಿದೆ

ಶುಕ್ರ ಗ್ರಹಕ್ಕೆ ನೌಕೆ ಕಳಿಸೋಣವೆಂದು ಪ್ರೊಪೋಸಲ್ ಬರೆದು ಹತ್ತು ವರ್ಷ ಕಾದವನು ನಾನು. ಬಾಹ್ಯಾಕಾಶ ಸಂಸ್ಥೆಯಲ್ಲಿ ದಿನಾ ರಾಕೆಟ್ ಹಾರಿಸುತ್ತೇನೆಂದು ಉಯ್ಯಂಬಳ್ಳಿ ಕಡೆಯ ನಮ್ಮೂರಲ್ಲಿ ನಂಬಿದ್ದಾರೆ, ನಾನೂ ತಿದ್ದಿಲ್ಲ. ನಿಜಕ್ಕೂ ನನ್ನ ಕೆಲಸ ಕಾಯುವುದು. ಮೊದಲ ಕಮಿಟಿ ವಿಜ್ಞಾನ ಗಟ್ಟಿಯಿದೆಯೇ ಎಂದು ನೋಡುತ್ತದೆ, ಎರಡನೆಯದು ನೌಕೆ ಕಟ್ಟಲಾದೀತೇ ಎಂದು. ಕೊನೆಯದು ಹತ್ತಾರು ಕನಸುಗಳಲ್ಲಿ ಒಂದನ್ನು ಆರಿಸುತ್ತದೆ. ನಡುನಡುವೆ ತಿಂಗಳುಗಟ್ಟಲೆ ಮೌನ.

ಊರಲ್ಲಿ ರೇಷ್ಮೆಹುಳ ಸಾಕುವ ಅಕ್ಕನಿಗೆ ಫೋನಿನಲ್ಲಿ ಗೋಳು ತೋಡಿಕೊಂಡೆ.

“ಜ್ವರಕ್ಕೆ ಕೂತೈತೆ ಕಣ್ಲಾ ನಿನ್ ಕಾಗ್ದ. ಒಸಿ ಸುಮ್ಕಿರು. ಸೊಪ್ಪು ಹಾಕ್ಬುಟ್ಟೀಯ!”

ಹುಳ ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲ್ಲಾಡದೆ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಮೊದಲು ಎದ್ದ ನಾಲ್ಕು ಹುಳ ತಿಂದು ಬೆಳೆಯುತ್ತವೆ, ಉಳಿದವು ಹಿಂದೆ ಬಿದ್ದು ಇಡೀ ಬೆಳೆ ಕೆಡುತ್ತದೆ.

ಹುಳದ ಮನೆಯಲ್ಲೇ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈ ಸುಮ್ಮನಿರಬೇಕಲ್ಲ! ಕಮಿಟಿ ಮೌನವಾದಾಗಲೆಲ್ಲ ಒಂದೊಂದು ಉಪಕರಣ ಸೇರಿಸಿದೆ. ಮೋಡ ನೋಡಲು ಕ್ಯಾಮೆರಾ, ಮಿಂಚು ಹಿಡಿಯಲು ಆಂಟೆನಾ, ಗಾಳಿ ಮೂಸಲು ಇನ್ನೊಂದು. ಮೆಚ್ಚಿಕೊಳ್ಳಲಿ ಎಂಬ ಚಪಲ, ಅಷ್ಟೆ. ಕೊನೆಯ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ತೆಗೆದು, “ವಿಜ್ಞಾನ ಚೆನ್ನಾಗಿದೆ. ಇಷ್ಟು ಭಾರ ಹೊರುವ ರಾಕೆಟ್ ನಮ್ಮಲ್ಲಿಲ್ಲ” ಎಂದರು. ಚಂದ್ರನಿಗೆ ಹೋಗುವ ಪುಟ್ಟ ನೌಕೆಯೊಂದು ಆಯ್ಕೆಯಾಯಿತು.

ಭಾನುವಾರ ಮುಖ ಊದಿಸಿಕೊಂಡು ಊರಿಗೆ ಹೋದೆ. ಅಕ್ಕ ಹಣ್ಣಾದ ಹುಳಗಳನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಮುಂದಿನ ವಾರ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕು.

“ಸೊಪ್ಪು ಹಾಕ್ದೆ ತಾನೆ?” ಎಂದಳು, ಕಣ್ಣೆತ್ತದೆ.

“ಹೂಂ.”

“ಥೂ ನಿನ್ನ! ಮುಂದಿನ್ ಬೆಳೆ ಯಾವಾಗ?”

“ಮತ್ತೆ ಪ್ರೊಪೋಸಲ್ ಕರೆಯೋದು ಮೂರು ವರ್ಷಕ್ಕೆ. ಆಯ್ಕೆಯಾದ್ರೂ ಅದು ಹಾರೋ ಹೊತ್ಗೆ ನಾನು ರಿಟೈರ್ ಆಗಿರ್ತೀನಿ ಕಣಕ್ಕ.”

“ನೀನ್ ರಿಟೇರಾದ್ರೆ ಸುಕ್ರನೂ ರಿಟೇರಾಯ್ತದೇನ್ಲಾ?”

ನನಗೆ ನಗು ಬರಲಿಲ್ಲ. ನಾನಿಲ್ಲದೆಯೂ ಅದು ಹಾರುತ್ತದಲ್ಲ ಎಂದು ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಸೋಮವಾರ ಪ್ರೊಪೋಸಲ್ ತೆರೆದು ಮೂರೂ ಉಪಕರಣ ಕಿತ್ತುಹಾಕಿದೆ. ಅದು ಐದು ನಿಮಿಷದ ಕೆಲಸ. ‘ಮುಖ್ಯ ವಿಜ್ಞಾನಿ’ ಎಂಬಲ್ಲಿದ್ದ ನನ್ನ ಹೆಸರು ಅಳಿಸಿ, ಜೊತೆಯಲ್ಲಿ ದುಡಿದ ಕಿರಿಯ ವಿಜ್ಞಾನಿಯ ಹೆಸರು ಬರೆಯಲು ಮಾತ್ರ ಮಧ್ಯಾಹ್ನದ ಊಟದ ಹೊತ್ತಾಯಿತು. ಅವಳನ್ನು ಕರೆದು ತೋರಿಸಿದೆ. ಓದಿದಳು, ಕಣ್ಣು ತುಂಬಿಕೊಂಡಳು. ಆಮೇಲೆ ಮೂಗೊರೆಸಿಕೊಂಡು, “ಸರ್, ಮೂರು ವರ್ಷ ಟೈಮಿದೆಯಲ್ಲ, ಒಂದು ಕ್ಯಾಮೆರಾ ಸೇರಿಸೋಣವೇ?” ಎಂದಳು.

“ಸೊಪ್ಪು ಹಾಕ್ಬುಟ್ಟೀಯ!” ಎಂದು ಅಕ್ಕನಂತೆಯೇ ಕಿರುಚಿದೆ.

ಪಾಪ, ಬೆಂಗಳೂರಿನ ಹುಡುಗಿ. ಅವಳನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಹುಳ ಹೇಗೆ ಜ್ವರಕ್ಕೆ ಕೂರುತ್ತದೆಂದು ಮೊದಲಿನಿಂದ ಹೇಳತೊಡಗಿದೆ.