ಚಿಲಕವಿಲ್ಲದ ಮನೆಯ ಮಾರ್ತವ್ವ

ಮಾರ್ತವ್ವನ ಮನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಇದ್ದ ಗುರುತಿತ್ತು, ಒಳಮಗ್ಗುಲಲ್ಲಿ, ಎದೆಯ ಎತ್ತರಕ್ಕೆ, ಮೊಳೆ ಕಿತ್ತ ತೂತುಗಳು ಹಾಗೇ ಉಳಿದಿದ್ದವು. ಹಗಲಿರಲಿ, ರಾತ್ರಿಯಿರಲಿ, ಬಾಗಿಲನ್ನು ಸುಮ್ಮನೆ ಮುಂದಕ್ಕೆ ಎಳೆದಿರುತ್ತಿದ್ದಳು. ಗಾಳಿ ಬೀಸಿದರೂ ತೆರೆಯುತ್ತಿತ್ತು, ಪಕ್ಕದ ಮನೆಯ ಆಡು ತಲೆ ಹಾಕಿದರೂ ತೆರೆಯುತ್ತಿತ್ತು. ಒಂದು ಸಲ ಆ ಆಡು ಒಳಗೆ ನುಗ್ಗಿ, ಯೇಸು ಕತ್ತೆಮರಿಯೇರಿ ಊರು ಹೊಕ್ಕ ನೆನಪಿನ ಗರಿಗಳ ಭಾನುವಾರದ ಮೆರವಣಿಗೆಗೆಂದು ತಂದಿಟ್ಟಿದ್ದ ಈಚಲ ಗರಿಗಳನ್ನೆಲ್ಲ ಮೇಯ್ದುಬಿಟ್ಟಿತು. ಮರುದಿನ ನಮ್ಮ ಸಭೆಯ ಮಕ್ಕಳು ಬೇವಿನ ಟೊಂಗೆ ಹಿಡಿದು ಹೊಸನ್ನ ಎಂದು ಜಯಕಾರ ಕೂಗಿದರು. ನನಗೆ ಮೈಯೆಲ್ಲ ಉರಿದಿತ್ತು. ಮಾರ್ತವ್ವ ಮಾತ್ರ, "ಹೋಗ್ಲಿ ಬಿಡ್ರೀ ಅಮ್ಮಾರ. ಕತ್ತಿಮರಿ ಮ್ಯಾಲ ಬಂದ ಸ್ವಾಮಿ, ಆಡು ತಿಂದ್ರ ಬ್ಯಾಡಂತಾನೇನು?" ಅಂದಳು.

ನನ್ನ ಗಂಡ ಸಭಾಪಾಲಕರು, ಅಂದರೆ ಪಾಸ್ಟರು. ಅಣ್ಣಿಗೇರಿಯಿಂದ ಶಲವಡಿಗೆ ಹೋಗುವ ದಾರಿಯಲ್ಲಿ ಒಳಗೆ ಸರಿದುಕೊಂಡಿರುವ ಆ ಊರಿಗೆ ಅವರನ್ನು ಕಳಿಸಿದಾಗ ನಾನು ಮನಸ್ಸಿಲ್ಲದ ಮನಸ್ಸಿನಿಂದ ಹೋದವಳು. ಬೆರಳೆಣಿಕೆಯ ಕ್ರೈಸ್ತ ಮನೆಗಳು, ಹಂಚಿನ ಚರ್ಚು, ಸುತ್ತ ಎರೆಹೊಲ. ಮಳೆ ಬಂದರೆ ಚಪ್ಪಲಿ ನೆಲದಲ್ಲಿ ಉಳಿದು ಕಾಲು ಮಾತ್ರ ಮನೆಗೆ ಬರುವಂಥ ಊರು. ಹುಬ್ಬಳ್ಳಿಯಲ್ಲಿ ಬೆಳೆದ ನನ್ನ ನಾಲಿಗೆ ಮೊದಲೇ ಖಾರ, ಅಲ್ಲಿ ಇನ್ನಷ್ಟು ಖಾರವಾಯಿತು. ಅದನ್ನು ತಡೆದುಕೊಂಡವಳು ಮಾರ್ತವ್ವ ಒಬ್ಬಳೇ.

ಹೆಸರಿಗೆ ತಕ್ಕ ಮಾರ್ತಳೇ ಆಕೆ. ಯೇಸುಸ್ವಾಮಿ ಮನೆಗೆ ಬಂದಾಗ ಅಕ್ಕತಂಗಿಯರಲ್ಲಿ ಒಬ್ಬಳು ಕಾಲ ಬಳಿ ಕೂತು ಕೇಳಿದಳು, ಇನ್ನೊಬ್ಬಳು ಅಡುಗೆಮನೆಯಲ್ಲಿ ಒದ್ದಾಡಿದಳು ಎಂಬ ಕಥೆಯುಂಟಲ್ಲ, ಆ ಎರಡನೆಯವಳು. ಚರ್ಚಿನ ಕಸ, ದೀಪ, ಚಾಪೆ ಎಲ್ಲ ಆಕೆಯದೇ. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ದ್ರಾಕ್ಷಾರಸ. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುಭೋಜನ. ಯೇಸುವಿನ ಕ್ಷಮೆಯ ಗುರುತಾಗಿ ರೊಟ್ಟಿಯ ಚೂರು, ಸಣ್ಣ ಬಟ್ಟಲಲ್ಲಿ ರಸ. ಹಿಂದಿನ ದಿನ ಮಾರ್ತವ್ವ ಕರಿ ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಸಕ್ಕರೆ ಹಾಕಿ, ಹಿತ್ತಾಳೆಯ ಪಾತೇಲಿಯಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಳು.

ನಾನು ಹೋದ ಹೊಸತರಲ್ಲಿ ಸವುಟನ್ನು ನನ್ನ ಕೈಗೆ ಕೊಟ್ಟು, "ಕೈ ಆಡಸ್ಕೋತ ಇರ್ರಿ, ಬಟ್ಟಿ ಒಣಗೈತೇನ ನೋಡಿ ಬರ್ತೀನಿ" ಎಂದು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ನನ್ನ ತಂಗಿಯ ಫೋನು ಬಂತು. ತವರಿನ ಸುದ್ದಿ ಎಂದರೆ ನನಗೆ ಮೈಮರೆವು. ಮೂಗಿಗೆ ವಾಸನೆ ಬಡಿದಾಗಲೇ ಎಚ್ಚರ. ಗಾಬರಿಯಿಂದ ಸವುಟು ಹಾಕಿ ತಳ ಕೆರೆಯಲು ಹೋದೆ. ಮಾರ್ತವ್ವ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು.

"ತಳಾ ಕೆದರಬ್ಯಾಡ್ರೀ ಅಮ್ಮಾರ! ತಳ ಹತ್ತಿದ್ದಕ್ಕ ಏನೂ ಆಗಂಗಿಲ್ಲ. ಕೆದರಿದ್ರ ಮಾತ್ರ ಎಲ್ಲಾ ಕೆಡತೈತಿ. ಮ್ಯಾಲಿಂದು ಹಗೂರಕ ಬಸಕೊಳ್ಳೂಣು."

ಬಸಿದ ರಸದ ಒಂದು ಹನಿಯನ್ನು ನನ್ನ ಅಂಗೈಗೆ ಹಾಕಿದಳು. ನೆಕ್ಕಿ ನೋಡಿದೆ. ಸಿಹಿಯಾಗಿಯೇ ಇತ್ತು.

ಅದು ಆಕೆಯ ಅಡುಗೆಮನೆಯ ಮಾತಷ್ಟೇ ಅಂದುಕೊಂಡಿದ್ದೆ. ಸಭೆಯಲ್ಲಿ ಸುಮಿತ್ರಾಳ ವಿಷಯ ಬಂದಾಗ ತಿಳಿಯಿತು, ಅದು ಆಕೆಯ ವೇದಾಂತವೂ ಹೌದು. ಸುಮಿತ್ರಾ ಯಾರನ್ನೋ ನಂಬಿ ಮನೆಬಿಟ್ಟು ಹೋಗಿ, ಒಂದು ಮಳೆಗಾಲ ಕಳೆಯುವುದರೊಳಗೆ ಒಬ್ಬಳೇ ತಿರುಗಿ ಬಂದ ಹುಡುಗಿ. ಆಕೆಗೆ ರೊಟ್ಟಿ-ರಸ ಕೊಡುವ ಮೊದಲು ಎಲ್ಲರೆದುರು ನಿಂತು ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದು ಹಿರಿಯರು ಪಟ್ಟು ಹಿಡಿದರು. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನನ್ನ ಗಂಡ ಅತ್ತ ದರಿ ಇತ್ತ ಪುಲಿ ಎಂದು ತಡವರಿಸುತ್ತಿದ್ದಾಗ, ಕಸಬರಿಗೆ ಹಿಡಿದಿದ್ದ ಮಾರ್ತವ್ವ ಬಾಗಿಲಲ್ಲೇ ನಿಂತು ಕೇಳಿದಳು:

"ಯಾಕ್ರೀ ಹಿರ್ಯಾರ, ಹಸದು ಮನಿಗೆ ಬಂದ ಮಗಳಿಗೆ ಮೊದ್ಲ ನೀಡತೀರೋ, ಜಬಾಬ ಕೇಳತೀರೋ? ತಳಾ ಕೆದರಬ್ಯಾಡ್ರಿ. ಎಲ್ಲಾರ ಪಾತೇಲಿನೂ ಒಂದೊಂದ ಸಲ ಹತ್ತಿದ್ದ ಐತಿ."

ಹಿರಿಯರು ಪಟ್ಟು ಬಿಟ್ಟರು. ಆ ಭಾನುವಾರ ಸುಮಿತ್ರಾಗೆ ಬಟ್ಟಲು ಸಿಕ್ಕಿತು. ಅಂದೇ ನಾನು ಒಂದು ವಿಷಯ ಗಮನಿಸಿದ್ದು. ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರಿದರೂ, ರಸ ಕುದಿಸಿದ ಮಾರ್ತವ್ವ ಹಿಂದಿನ ಚಾಪೆಯಿಂದ ಏಳಲಿಲ್ಲ. ಮುಂದಿನ ತಿಂಗಳೂ ಏಳಲಿಲ್ಲ. ಕೇಳಿದರೆ ನಕ್ಕು, "ನಾ ಬಡಸಾಕಿ ಅಲ್ಲೇನ್ರೀ? ಬಡಸಾಕಿ ಕಡೀಕ ಉಣ್ಣೂದು" ಅಂದಳು. ಆದರೆ ಕಡೆಗೂ ಆಕೆ ತೆಗೆದುಕೊಂಡದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಒಂದು ಭಾನುವಾರ ನನ್ನ ಗಂಡ ದಾರಿತಪ್ಪಿದ ಮಗನ ಕಥೆಯ ಮೇಲೆ ಪ್ರಸಂಗ ಮಾಡಿದರು. ಮನೆಬಿಟ್ಟು ಹಾಳಾದ ಮಗ ತಿರುಗಿ ಬರುವುದನ್ನು ಅಪ್ಪ ದೂರದಿಂದಲೇ ಕಂಡು ಓಡಿಹೋಗಿ ತಬ್ಬಿಕೊಂಡ, ದೇವರ ಕರುಣೆ ಅಂಥದು ಎಂದು ಅವರು ಹೇಳುತ್ತಿದ್ದಂತೆ ಮಾರ್ತವ್ವ ಎದ್ದು ಹೊರಗೆ ನಡೆದಳು. ಹಿಂದೆಯೇ ಹೋದೆ. ಚರ್ಚಿನ ಹಿಂದಿನ ನಳದ ಹತ್ತಿರ, ತೊಳೆದಿಟ್ಟ ಪಾತೇಲಿಯನ್ನೇ ಮತ್ತೆ ತಿಕ್ಕುತ್ತ ಕೂತಿದ್ದಳು. ತಲೆಯೆತ್ತದೆ ಮಾತಾಡಿದಳು.

"ನನಗೂ ಒಬ್ಬ ಮಗ ಇದ್ದನ್ರೀ. ಪರಕಾಶ."

ಗಂಡ ಬೇಗ ತೀರಿದ ಮೇಲೆ ಆಕೆಗಿದ್ದವನು ಅವನೊಬ್ಬನೇ. ಕುಡಿತಕ್ಕೆ ಬಿದ್ದ. ದಿನಾ ಸರಿರಾತ್ರಿಗೆ ಬಂದು ಬಾಗಿಲು ಬಡಿಯುವುದು, ಒದರಾಡುವುದು. ಒಮ್ಮೆ ಎದೆನೋವು, ಸಾಯುತ್ತೇನೆ ಎಂದು ಅತ್ತು, ಆಕೆ ಓಡಿಬಂದು ಬಾಗಿಲು ತೆಗೆದಾಗ ಕೈತಟ್ಟಿ ನಕ್ಕಿದ್ದ. 'ಒಂದು ಸಲ ಗಟ್ಟಿಯಾಗಿರು, ಕದ ತೆಗೆಯಬೇಡ, ತಾನೇ ಬುದ್ಧಿ ಬರುತ್ತದೆ' ಎಂದು ಎಲ್ಲರೂ ಹೇಳಿದರು. ಆಕೆಯೂ ಗಟ್ಟಿಯಾದಳು.

"ಅವತ್ತ ಕಡ್ಲಿ ಹೊಲದಾಗಿಂದ ಬಂದಿದ್ದ. 'ಯವ್ವಾ, ಹುಳಾ ಮುಟ್ಟೈತಿ, ಕದಾ ತೆಗಿ' ಅಂದ. ಕುಡದ ಬಾಯಿ, ತೊದಲಾಕತ್ತಿದ್ದ. ಏನರೆ ಸೊಳ್ಳಿ ಗುಂಗಾಡ ಕಡದಿರಬೇಕು, ಮತ್ತ ಆಟಾ ಹೂಡ್ಯಾನ ಅಂದ್ಕೊಂಡೆ. 'ಹುಳಾ ಮುಟ್ಟಿದ್ರ ಝಾಡಿಸ್ಕೊಂಡ ಕಟ್ಟಿ ಮ್ಯಾಲ ಬೀಳ' ಅಂದೆ. ಮತ್ತ ಎರಡ ಸಲ ಯವ್ವಾ ಅಂದ. ಆಮ್ಯಾಲ ಸುಮ್ಮಾದ. ಮಲಗಿದಾ ಅಂತ ನಾನೂ ಮಲಗಿದೆ."

ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರು ಎತ್ತುವುದಿಲ್ಲ. ಹಾವನ್ನು ಹುಳ ಎನ್ನುತ್ತಾರೆ.

"ಹಾವು ಅಂದಿದ್ರ ತೆಗೀತಿದ್ದೆನೇನೋ ಅಮ್ಮಾರ. ಕತ್ತಲಾದ ಮ್ಯಾಲ ಆ ಹೆಸರ ತಗೀಬಾರ್ದು ಅಂತ ಸಣ್ಣಾಂವ ಇದ್ದಾಗ ನಾನ ಕಲಸಿದ್ದೆ. ಅಷ್ಟ ಕುಡದ್ರೂ ಅದನ್ನ ಮರತಿದ್ದಿಲ್ಲ ನೋಡ್ರಿ ನನ್ನ ಮಗ."

ಬೆಳಗ್ಗೆ ಆಕೆ ಚಿಲಕ ತೆಗೆದ ಕೂಡಲೇ, ಬಾಗಿಲಿಗೆ ಒರಗಿ ಕೂತಿದ್ದವನು ಒಳಗೆ ಬಿದ್ದನಂತೆ. ಮೈ ತಣ್ಣಗಾಗಿತ್ತು. ಮಣ್ಣು ಮಾಡಿ ಬಂದ ದಿನವೇ ಇಕ್ಕಳ ಹಾಕಿ ಚಿಲಕ ಕಿತ್ತಳು.

ದೇವರು ಕ್ಷಮಿಸಿದ್ದಾನೆ ಎಂದೆ. ಕೊನೆಗೆ ಆಕೆಯ ಮಾತನ್ನೇ ಆಕೆಗೆ ಕೊಟ್ಟೆ: "ನೀವ ಹೇಳತೀರಲ್ಲ, ತಳಾ ಕೆದರಬ್ಯಾಡ್ರಿ ಅಂತ. ನಿಮ್ದಷ್ಟ ಯಾಕ ದಿನಾ ಕೆದರತೀರಿ?"

ಆಕೆ ಪಾತೇಲಿಯನ್ನು ಬೋರಲು ಹಾಕಿದಳು. "ನಂದು ತಳ ಹತ್ತಿದ್ದಲ್ರೀ. ಪಾತೇಲಿನ ಸುಟ್ಟೈತಿ."

ಆಮೇಲೆಯೂ ಆಕೆ ಹಾಗೆಯೇ ಇದ್ದಳು, ಊರವರ ತಪ್ಪಿಗೆಲ್ಲ ಹೋಗ್ಲಿ ಬಿಡ್ರಿ ಅನ್ನುತ್ತ. ತನ್ನ ಪಾಲಿಗೆ ಮಾತ್ರ ಆ ಮಾತು ಆಕೆಗೆ ಬರಲೇ ಇಲ್ಲ. ಪ್ರತಿ ತಿಂಗಳು ಆಕೆ ಏಳುತ್ತಾಳೇನೋ ಎಂದು ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಪ್ರಾರ್ಥನೆಯಲ್ಲಿ ಬೇರೆ ಏನನ್ನೂ ಕೇಳದ ದಿನಗಳಿದ್ದವು.

ಕಳೆದ ಚಳಿಗಾಲದಲ್ಲಿ ಆಕೆ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರು. ಆ ತಿಂಗಳ ರಸವನ್ನು ನಾನೊಬ್ಬಳೇ ಕುದಿಸಿದೆ. ಕಣ್ಣು ಮಂಜಾಗಿತ್ತು, ಮತ್ತೆ ತಳ ಹತ್ತಿತು. ಕೆದರದೆ ಮೇಲಿನದನ್ನು ಬಸಿದುಕೊಂಡೆ. ಆರಾಧನೆ ಮುಗಿದ ಮೇಲೆ ಒಂದು ಬಟ್ಟಲು ರಸ, ಒಂದು ಚೂರು ರೊಟ್ಟಿ ಹಿಡಿದು ಗಂಡಹೆಂಡತಿ ಆಕೆಯ ಮನೆಗೆ ಹೋದೆವು. ಬಾಗಿಲು ದೂಡಿದರೆ ತೆರೆಯಿತು.

ಬಟ್ಟಲು ಹತ್ತಿರ ಬಂದದ್ದೇ ಮೂಗು ಅರಳಿಸಿದಳು. "ಹತ್ತಿಸೀರಿ?"

"ಹೌದ್ರಿ."

"ಕೆದರಿಲ್ಲಲ್ಲ?"

"ಇಲ್ರೀ."

ನನ್ನ ಗಂಡ ಪ್ರಾರ್ಥನೆ ಮಾಡಿ ಬಟ್ಟಲು ಚಾಚಿದರು. ಆಕೆ ಕೈ ಚಾಚಲಿಲ್ಲ. ಅವರನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಪಾಸ್ಟರ್ರ, ನಾ ಹೋಗಿ ಬಡದ್ರ ಸ್ವಾಮಿ ಕದಾ ತೆಗೀತಾನ್ರೀ? ನಾ ತೆಗದಿದ್ದಿಲ್ಲ."

ಗಂಟೆಗಟ್ಟಲೆ ಪ್ರಸಂಗ ಮಾಡುವ ನನ್ನ ಗಂಡ ನನ್ನತ್ತ ತಿರುಗಿದರು. ಬಾಯಿಬಡುಕಿ ನಾನೇ ಹೇಳಿದೆ.

"ಬಡಿಯೂದ ಬ್ಯಾಡ್ರೀ ಮಾರ್ತವ್ವ. ಅಲ್ಲೆ ಚಿಲಕಾನ ಇಲ್ಲ. ನಿಮ್ಮ ಮನಿ ಹಂಗ. ಪರಕಾಶ ಹೆಂಗ ಒಳಗ ಹೋದ ಅಂತ ಮಾಡೀರಿ?"

ಆಕೆ ಬಾಗಿಲ ಕಡೆ ನೋಡಿದಳು. ನಂಬಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಕೈ ಮುಂದೆ ಬಂತು. ರೊಟ್ಟಿಯ ಚೂರನ್ನು ಬಾಯಿಗಿಟ್ಟುಕೊಂಡಳು. ಬಟ್ಟಲನ್ನು ನಾನೇ ಹಿಡಿದೆ. ಹನಿ ಬಿಡದೆ ಕುಡಿದಳು.

"ಸೀ ಐತಿ," ಅಂದಳು.

ಆ ವಾರ ಕಳೆಯುವುದರೊಳಗೆ ಹೋದಳು. ಮಗನ ಬಾಜುಕ್ಕೇ ಮಣ್ಣು ಮಾಡಿದೆವು. ಇಡೀ ಊರು ಬಂದಿತ್ತು, ಹಿರಿಯರ ಹಿಂದೆ ನಿಂತು ಸುಮಿತ್ರಾ ಬಿಕ್ಕಿಬಿಕ್ಕಿ ಅಳುತ್ತಿದ್ದಳು.

ಮುಂದಿನ ಪ್ರಭುಭೋಜನದ ಹಿಂದಿನ ದಿನ, ಹಿತ್ತಾಳೆಯ ಪಾತೇಲಿ ತರಲೆಂದು ಆಕೆಯ ಮನೆಗೆ ಹೋದೆ. ಮಣ್ಣಿಗೆಂದು ಕುಂದಗೋಳದಿಂದ ಬಂದಿದ್ದ ಆಕೆಯ ಅಣ್ಣನ ಮಗ, ಖಾಲಿ ಮನೆಗೆ ಯಾರೂ ನುಗ್ಗಬಾರದೆಂದು ಹೊಸ ಚಿಲಕ ಹಾಕಿಸಿ ಬೀಗ ಜಡಿದು ಹೋಗಿದ್ದ. ಅವನದೇನೂ ತಪ್ಪಿಲ್ಲ. ನಾನದನ್ನು ನೋಡದೆ ರೂಢಿಯಂತೆ ಬಾಗಿಲು ದೂಡಿದೆ. ಬಡಿದೆ. ಮಾರ್ತವ್ವಾ ಎಂದು ಕೂಗಿಯೂಬಿಟ್ಟೆ. ಪಕ್ಕದ ಮನೆಯ ಆಡು ನನಗಿಂತ ಮೊದಲೇ ಬಂದು ಆ ಕಟ್ಟೆಯ ಮೇಲೆ ಕಾಯುತ್ತ ನಿಂತಿತ್ತು.